ಮಫ್ಲರ್ ಕೆಂಪಿತ್ತು

ಮೊದಲು ಬಾಯಿ ಬಿಟ್ಟವನು ಕೊಟ್ರೇಶ,
ಗಿರಣಿ ಕೆಡವಿ ಕಟ್ಟಿದ ಮಾಲಿನ ಮೆಟ್ಟಿಲು ಇನ್ನೂ ಇಳಿದಿರಲಿಲ್ಲ:
"ಮಫ್ಲರ್ ಕೆಂಪಿತ್ತಲೇ. ಇವರು ನೀಲಿ ಮಾಡ್ಯಾರೆ.
ಅಷ್ಟು ಕೋಟಿ ಸುರಿದು
ಒಂದು ಬಣ್ಣ ಸರಿ ಹಾಕಾಕೆ ಬರಲ್ಲೇನು?"

ಬಕ್ಕೇಶನ ದೂರು ಬೇರೆ.
ತಗಡಿನ ಕೊಕ್ಕರೆ ಈಗ ಸುಮ್ಮನೆ ನಿಲ್ಲುವುದೇ ಇಲ್ಲ,
ಪುಕ್ಕ ಪುಕ್ಕವೂ ಅಲ್ಲಾಡುತ್ತದೆ, ಮೊಳೆ ಮೊಳೆಯೂ ಹೊಳೆಯುತ್ತದೆ.
ಆವತ್ತು ಅದು ಹಿಮದಲ್ಲಿ ಒಂಟಿಕಾಲಲ್ಲಿ ನಿಂತರೆ
ಚಿತ್ರವೇ ನಿಂತುಬಿಡುತ್ತಿತ್ತು,
ಹುಡುಗನ ಮಫ್ಲರಿನ ತುದಿ ಮಾತ್ರ
ಹಾರಿ, ಇಳಿದು, ಹಾರಿ.
"ಆ ನಿಂತಿದ್ದರಾಗೇ ಎದೆ ಹಿಂಡೋದು" ಅಂದ,
ಲಗೇಜ್ ಟೆಂಪೊ ಓಡಿಸುವವನು,
ಹೀಗೆಲ್ಲ ಮಾತಾಡುವವನೇ ಅಲ್ಲ.

ರೈಲ್ವೆ ಗೇಟು ಹಾಕಿತ್ತು.
ಗಾಡಿಯ ಮುಂದೆ ನಿಂತು
ಐದು ಪೊಟ್ಟಣ ಮಂಡಕ್ಕಿ ಹೇಳಿದೆವು, ಮಿರ್ಚಿ ಬಿಸಿ ಇದ್ದರೆ ಮಾತ್ರ.
ಐದನೆಯದು ನನ್ನ ತಂಗಿಯ ಮಗಳು ಚಿನ್ಮಯಿಗೆ.
ಅವಳಿಗೆ ಸಿನಿಮಾ ಪೂರ್ತಿ ಇಷ್ಟವಾಗಿತ್ತು,
ಕೊಕ್ಕರೆ ಹೊರಟಾಗ ನನ್ನ ತೋಳು ಒದ್ದೆ ಮಾಡಿದ್ದಳು.
ನಾವು ಬೈಯುವುದನ್ನು ಕೇಳುತ್ತ
ತನ್ನದೇ ಏನೋ ತಪ್ಪಾದಂತೆ
ಈಗ ಒಂದೊಂದೇ ಕಾಳು ತಿನ್ನುತ್ತಿದ್ದಳು.

ಈಗಿನವರು ಅನಿಮೆ ಅನ್ನುತ್ತಾರೆ.
ನಮಗದು ಐದೂವರೆಯ ಕಾರ್ಟೂನು.
ಮಂಡಕ್ಕಿ ಭಟ್ಟಿಯ ಓಣಿಯಲ್ಲಿ ಶಾಹಿನಾಳ ಮನೆಯೊಂದರಲ್ಲೇ ಟೀವಿ,
ಭಟ್ಟಿಯ ಮಸಿ ಗಾಜಿನ ಮೇಲೆ ಕೂತು
ಜಪಾನಿನ ಹಿಮವೂ ದಾವಣಗೆರೆಯ ಬೂದಿಯಾಗಿ ಬೀಳುತ್ತಿತ್ತು,
ಅವಳಮ್ಮ ಸೆರಗಿನಿಂದ ಒರೆಸುವ ತನಕ.
ಹಿಂದಿ ನಮಗ್ಯಾರಿಗೂ ಬಾರದು.
ಅವಳು ಹೇಳಬೇಕು, ನಾವು ಕೇಳಬೇಕು.
ಕೊಕ್ಕರೆ ಕೊಕ್ಕು ತೆರೆದರೆ ಬರುವುದು ಶಾಹಿನಾಳ ದನಿ,
ಹಲ್ಲು ಬಿದ್ದ ಸಂದಿನ ಗಾಳಿ ಸೇರಿಸಿಕೊಂಡು.

ಇವತ್ತಿನ ಕೊಕ್ಕರೆಗೆ ಯಾರದೋ ಪಳಗಿದ ಗಂಟಲು.
ಸ್ವಚ್ಛ ಕನ್ನಡ, ಒಂದಕ್ಷರವೂ ಸೋರಲಿಲ್ಲ.
ಅದೇ ನನಗೆ ಸೇರಲಿಲ್ಲ.

"ಅದೆಲ್ಲ ಹಾಳಾಗಿ ಹೋಗ್ಲಿ, ಕೊನೆ?"
ಕೊಟ್ರೇಶ ಮಿರ್ಚಿಯ ತೊಟ್ಟು ಎಸೆದ.
"ಬಿಟ್ಟು ಹೋಗ್ತೈತಂತೆ! ಅದು ವಾಪಸ್ ಬರಬೇಕು,
ರೆಕ್ಕೆ ಬಿಚ್ಚಿ ಹುಡುಗನ ಮನೆಗೆ ಚಾವಣಿ ಆಗಬೇಕು,
ಮಳೆ ಬಿದ್ದು ತಗಡು ಟಣಟಣ ಅನ್ನಬೇಕು,
ಆ ಸದ್ದಿನಾಗೆ ಅವನು ಮಲಗಬೇಕು.
ಅಸಲಿ ಕಥೆಯನ್ನೇ ಕಿತ್ತು ಹಾಕ್ಯಾರೆ."
ಹೌದೌದು ಅಂದೆ ನಾನೂ.
ಕಾಣದ ಊರಿನ ಕಾಣದ ಡೈರೆಕ್ಟರನ್ನು
ಹೊಟ್ಟೆ ತುಂಬ ಬೈಯುವುದೆಷ್ಟು ಸುಖ.

ಶಾಹಿನಾ ಅಷ್ಟೊತ್ತೂ ಈರುಳ್ಳಿ ಆರಿಸಿ ಬದಿಗಿಡುತ್ತಿದ್ದಳು.
"ಕೊನೇ ದಿನ ಕರೆಂಟ್ ಹೋಗಿತ್ತು" ಅಂದಳು.
"ನೀವೆಲ್ಲ ಅಳಾಕೆ ಹತ್ತಿದ್ರಿ, ಅಮ್ಮೀ ಮಲಗಿದ್ಲು,
ಏನಾದ್ರೂ ಹೇಳಬೇಕಿತ್ತಲ್ಲ.
ಮೇಲೆ ನೋಡಿದೆ. ತಗಡು ಕಾಣ್ತು."
ಇನ್ನೊಂದು ಚೂರು ಈರುಳ್ಳಿ ತೆಗೆದಳು.
"ಮಫ್ಲರೂ ಅಷ್ಟೇ.
ನಮ್ಮದು ಕಪ್ಪು ಬಿಳುಪು ಟೀವಿ."

ಕೊಟ್ರೇಶ ಅವಳನ್ನು ನೋಡಿದ, ನನ್ನನ್ನು ನೋಡಿದ,
ಕೈಯೊಳಗಿನ ಪೊಟ್ಟಣ ನೋಡಿದ.
ಬಕ್ಕೇಶ ಮಾತ್ರ ಸುತರಾಂ ಒಪ್ಪಲಿಲ್ಲ:
"ಸುಳ್ಳು ಹೇಳಬ್ಯಾಡ. ನಾನು ನೋಡೀನಿ.
ಮಳೆ ಹನಿ ಜಾರೋದು ನೋಡೀನಿ,
ಹುಡುಗ ಮಗ್ಗಲು ಹೊರಳೋದು ನೋಡೀನಿ, ಆಮೇಲೆ..."

ಅಷ್ಟರಲ್ಲಿ ಗೂಡ್ಸ್ ರೈಲು ಬಂತು.
ಸಿಮೆಂಟಿನದೋ ಕಬ್ಬಿಣದ್ದೋ, ಮುಗಿಯದ ರೈಲು.
ಅವನ ತುಟಿ ಆಡುತ್ತಲೇ ಇತ್ತು,
ಕೈ ಮೇಲೇರಿ ಏನನ್ನೋ ಹೊದಿಸುತ್ತಿತ್ತು,
ಒಂದು ಮಾತೂ ಕೇಳಿಸದು.
ನಾವು ಮೂವರೂ, ಚಿನ್ಮಯಿ ಕೂಡ,
ಶಾಹಿನಾಳ ಬಾಯಿಯನ್ನೇ ನೋಡುತ್ತ ನಿಂತೆವು.