ಹನ್ನೆರಡು ಥೌ

ಮೊದಲು ಬೆಕ್ಕನ್ನು ಇಳಿಸಬೇಕು.
ಆಂಪ್ಲಿಫೈಯರ್ ಬಿಸಿಯಾದದ್ದು ಅದಕ್ಕೆ ನನಗಿಂತ ಮೊದಲು ಗೊತ್ತು.
ಆಮೇಲೆ ಕನ್ನಡಕ, ಆಮೇಲೆ ಟಾರ್ಚು,
ಆಮೇಲೆ ಮೊಣಕಾಲೂರಿ, ಕಣ್ಣು
ತಟ್ಟೆಯ ಮಟ್ಟಕ್ಕೆ ಬರುವಷ್ಟು ಬಗ್ಗಬೇಕು,
ಬೋಟಿನ ಇಂಜಿನು ರೂಮಿಗೆ ನುಗ್ಗಿದ ಹಾಗೆ,
ಡೀಸೆಲ್ ವಾಸನೆ ಮಾತ್ರ ಇಲ್ಲ.

ಸೂಜಿ ತಟ್ಟೆಯ ಮೇಲೆ ಕೂತಾಗ ತೋಳು
ನೆಟ್ಟಗೆ ಮಲಗಿರಬೇಕು. ಅಷ್ಟೇ ಶಾಸ್ತ್ರ.
ಬಾಲ ತಗ್ಗಿದರೆ ಸ್ವರಕ್ಕೆ ಕಂಬಳಿ ಹೊದೆಸಿದಂತೆ,
ಬಾಲ ಎದ್ದರೆ 'ಸ' ಬಂದಲ್ಲೆಲ್ಲ ಸೀಟಿ.
ಹಿಂದಿನ ಕಂಬದ ಕೊರಳಲ್ಲಿ ತಲೆಯಿಲ್ಲದ ಒಂದು ಸ್ಕ್ರೂ,
ಜೀರಿಗೆಯಷ್ಟು. ಅದನ್ನು ಸಡಿಲಿಸುವಾಗ
ಎಡಗೈ ತೋಳನ್ನು ಹಿಡಿದಿರದಿದ್ದರೆ
ಕಂಬ ದಡಕ್ಕನೆ ಕುಸಿಯುತ್ತದೆ.
ಒಂದು ಸೂಜಿ ಹಾಗೇ ಹೋಯಿತು,
ಸಾವಿರದ ಎಂಟುನೂರು ರೂಪಾಯಿಯದ್ದು.

ಅಳೆಯಲು ನನ್ನ ಹಳೆಯ ಫೀಲರ್ ಗೇಜು.
ಮೂವತ್ತೈದು ವರ್ಷ ಬಂದರಿನಲ್ಲಿ, ಟ್ರಾಲ್‌ಬೋಟುಗಳ ಹೊಟ್ಟೆಯೊಳಗೆ,
ಟ್ಯಾಪೆಟ್ಟಿಗೆ ಹನ್ನೆರಡು ಥೌ, ಹದಿನಾಲ್ಕು ಥೌ ಎಂದು ತೂರಿಸಿದ
ಉಕ್ಕಿನ ಎಲೆಗಳು.
ಎಲೆ ಬಿಗಿಯಾಗಿಯೇ ಹೋಗಬೇಕು, ಆದರೆ ಜಗ್ಗಬಾರದು
ಎಂದು ಕಲಿಸಿದವರು ಲಾದ್ರು ಮೇಸ್ತ್ರಿ.
ಅವರಿಗೆ ಕೊನೆಕೊನೆಗೆ ಕರೆದರೆ ಕೇಳುತ್ತಿರಲಿಲ್ಲ,
ಭುಜ ಮುಟ್ಟಬೇಕಿತ್ತು.

ರೆಕಾರ್ಡು ಜಲತರಂಗದ್ದು.
ಅಜೀಜುದ್ದೀನ್ ರಸ್ತೆಯ ಗುಜರಿಯಲ್ಲಿ
ತಾಮ್ರದ ತಂತಿಯ ಸುರುಳಿಗಳ ಅಡಿಯಲ್ಲಿ ಸಿಕ್ಕಿತು.
ಕವರಿಲ್ಲ. ನಡುವಿನ ಚೀಟಿಯನ್ನು ಹುಳ ತಿಂದು
ನುಡಿಸಿದವರ ಹೆಸರಲ್ಲಿ 'ಯ್ಯ' ಮಾತ್ರ ಉಳಿದಿದೆ.
ಯಾರೋ ಒಬ್ಬ ಅಯ್ಯ, ಒಂದಷ್ಟು ಪಿಂಗಾಣಿ ಬಟ್ಟಲು, ನೀರು.

ಕಡ್ಡಿ ಬಟ್ಟಲಿಗೆ ತಾಗುವುದು ಕೇಳುತ್ತಿತ್ತು.
ತಾಗಿದ ಮೇಲಿನದು ಇರಲಿಲ್ಲ.
ಬಾಲ ತಗ್ಗಿದೆ ಎಂದುಕೊಂಡೆ. ಹತ್ತು ಥೌ ಎತ್ತಿದೆ.
ಇಲ್ಲ. ಹನ್ನೆರಡು ಸೇರಿಸಿದೆ. ಮತ್ತೆ ಇಪ್ಪತ್ತು.
ತೋಳು ಚೇಳಿನ ಹಾಗೆ ಬಾಲವೆತ್ತಿ ನಿಂತಿತು,
ಬಟ್ಟಲುಗಳು ಮಾತ್ರ ಮಣ್ಣಿನವೇ.

ಪಕ್ಕದ ಮನೆಯ ಅಫ್ರಾ ಬೆಕ್ಕು ಹುಡುಕಿಕೊಂಡು ಬಂದವಳು
ಬಾಗಿಲಲ್ಲೇ ಎರಡೂ ಕಿವಿ ಮುಚ್ಚಿಕೊಂಡಳು.
"ಕರ್ಕೇರಜ್ಜ, ಇದೆಂತ ಹೀಗೆ ಕಿರುಚುವುದು?
ಹಲ್ಲು ಜುಮ್ ಅಂತದೆ."
"ಎಲ್ಲಿ?"
"ಎಲ್ಲಿ ಅಂದ್ರೆ? ಇಡೀ!"

ಹೊರಗೆ ಬೆಂಗರೆಯ ಫೆರಿ ದಡ ಬಿಡುತ್ತಿತ್ತು.
ಅದು ನನಗೆ ಚೆನ್ನಾಗಿ ಕೇಳಿತು,
ಒಂದು ಟ್ಯಾಪೆಟ್ಟು ಸಡಿಲವಾಗಿದೆ ಎನ್ನುವುದು ಕೂಡ.
ಅದು ಕೇಳಿದ ಮೇಲೆಯೇ
ಯಾವುದು ಕೇಳಲಿಲ್ಲ ಎಂದು ತಿಳಿದದ್ದು.

ಒಂದು ನಿಮಿಷ ಸುಮ್ಮನೆ
ಸ್ಕ್ರೂ ತಿರುಗಿಸುವ ಕಡ್ಡಿಯನ್ನು ಅಂಗಿಯ ತುದಿಯಲ್ಲಿ ಒರೆಸಿದೆ.
ಆಮೇಲೆ ಸ್ಟೂಲು ಎಳೆದು ಕೊಟ್ಟೆ. "ಕೂತುಕೋ. ನೀನು ಹೇಳು."

ಸೂಜಿ ಎತ್ತಿ, ಸ್ಕ್ರೂ ಬಿಟ್ಟು, ಒಂದು ಎಲೆ ತೆಗೆದು, ಬಿಗಿದು, ಮತ್ತೆ ಬಿಟ್ಟು...
"ಇನ್ನೂ ಉಂಟು." "ಇನ್ನೂ."
ನಾಲ್ಕನೆಯ ಸಲಕ್ಕೆ ಅವಳಿಗೂ ಭಾಷೆ ಬಂತು:
"ಮೂರು ಥೌ ಅಜ್ಜ, ಜಾಸ್ತಿ ಬೇಡ."
ಕತ್ತಲಾಗುತ್ತ ಬಂದಿತ್ತು. ಅವಳ ಉಮ್ಮ ಎರಡು ಸಲ ಕರೆದರಂತೆ,
ಅದನ್ನೂ ಅವಳೇ ಹೇಳಿದ್ದು.

ಕೊನೆಗೆ ನಿಂತದ್ದು
ನಾನು ಶುರುಮಾಡಿದ ಕಡೆಯಿಂದ ಎರಡು ಥೌ ಕೆಳಗೆ.
ಬ್ಲೇಡಿನಿಂದ ಕಂಬಕ್ಕೆ ಒಂದು ಗೀರು ಹಾಕಿದೆ.
ನನ್ನ ಕಿವಿಗೆ ಅಲ್ಲಿ
ಮರದ ಮೇಲೆ ಮರ ಬಡಿಯುವ ಸದ್ದು, ಅಷ್ಟೇ.
ಎತ್ತಲಿಲ್ಲ.

ಅಯ್ಯ ಕೊನೆಯ ಬಟ್ಟಲನ್ನು ತಟ್ಟಿದರು.
ಮುಗಿಯಿತು ಎಂದು ನಾನು ಕೈ ಚಾಚಿದೆ.
ಅಫ್ರಾ ಬೆರಳೆತ್ತಿದಳು: ತಡೆಯಿರಿ.
ಕೋಣೆಯಲ್ಲಿ ಏನೂ ಇಲ್ಲ.
ಅವಳ ತೊಡೆಯ ಮೇಲೆ, ಕಣ್ಣು ಮುಚ್ಚಿದ ಬೆಕ್ಕಿನ
ಎಡಗಿವಿ ಮಾತ್ರ
ಸ್ಪೀಕರಿನ ಕಡೆ ತಿರುಗಿ,
ಇನ್ನೂ,
ಇನ್ನೂ ಸ್ವಲ್ಪ ಹೊತ್ತು.