ಎರಡನೇ ಕಿಟಕಿ

ಕೋಪರ್ ಬಂದರಿನ ಕಚೇರಿ. ತಿಲ್ಕಾಳ ಬೆನ್ನ ಹಿಂದೆ
ಸ್ಟೂಲಿನ ಮೇಲೆ ನಾನು:
ನಾನೇ ಬರೆದ ಜಾವಾ ಎಲ್ಲಿ ಮುಗ್ಗರಿಸುತ್ತದೆಂದು ನೋಡಲು.

ದೋಣಿಯ ಫಾರ್ಮು. ಉದ್ದ ಆರು ಮೀಟರು ನಲವತ್ತು,
ಬಣ್ಣ ಬಿಳಿ, ಅಂಚು ಹಸಿರು.
ಮಾಲೀಕರು? ಪಟ್ಟಿಯಲ್ಲಿಲ್ಲ.
'ಹೊಸತು' ಒತ್ತಿದಳು. ಫಾರ್ಮಿನ ಹೊಟ್ಟೆಯಲ್ಲಿ ಇನ್ನೊಂದು ಫಾರ್ಮು.
ವಿಳಾಸ? ಆ ಬೀದಿಯೂ ಇಲ್ಲ.
ಮತ್ತೆ 'ಹೊಸತು'. ಅದರ ಹೊಟ್ಟೆಯಲ್ಲೂ ಒಂದು.

"ಬೀದಿಯ ಹೆಸರು ಎರಡು ಸಲ ಬದಲಾಯಿತು,
ಯಾವುದು ಬೇಕು?" ಎಂದ ಮುದುಕ ಸ್ರೆಚ್ಕೊ.
ಅಲ್ಲಿಂದ ಮೂಲೆಯ ಬೇಕರಿ,
ಬೇಕರಿಯವಳಿಗೆ ಅಣ್ಣ ಪುಕ್ಕಟೆ ಕೊಡುತ್ತಿದ್ದ ಬೂತಾಯಿ,
ಅಣ್ಣ ಹೋದ ಫೆಬ್ರವರಿ.
ನಾನು ಇಟ್ಟ ಗಡುವು ಹದಿನೈದು ನಿಮಿಷ.
ಅವನಿಗೆ ಹದಿನೇಳು ಬೇಕಾಯಿತು.

ಒಳಗಿನದಕ್ಕೆ ಜೀವವಿತ್ತು, ತಿಲ್ಕಾ ಆಗಾಗ 'ಹುಡುಕು' ಒತ್ತುತ್ತಿದ್ದಳು.
ಯಾರೂ ಮುಟ್ಟದ ಹೊರಗಿನದು ಅಷ್ಟರಲ್ಲಿ ತಣ್ಣಗಾಗಿತ್ತು.
ಬೀದಿಯನ್ನು ಉಳಿಸಿದಳು. ತೆರೆ ಹೇಳಿತು:
ಸಂಭಾಷಣೆ ಮುಗಿದಿದೆ.
ದೋಣಿಯಿಲ್ಲ. ಹಸಿರು ಅಂಚಿಲ್ಲ.

ತಿಲ್ಕಾ ಬೈಯಲಿಲ್ಲ.
ಮೀನಂಗಡಿಯ ರಸೀದಿಯ ಬೆನ್ನು ತಿರುಗಿಸಿದಳು,
ಪೆನ್ಸಿಲ್ಲಿನಲ್ಲಿ: 6.40, ಹಸಿರು.
"ಹಾಂ, ದೋಣಿ," ಎಂದಳು.
ಮುದುಕನೂ ಫೆಬ್ರವರಿಯಿಂದ ಬೇಕರಿಗೆ, ಬೇಕರಿಯಿಂದ ಬೀದಿಗೆ
ಒಂದೊಂದೇ ಮೆಟ್ಟಿಲು ಇಳಿದು ಬಂದ,
ಕೈಯಲ್ಲಿದ್ದದ್ದು ಒಂದೂ ಚೆಲ್ಲದೆ.
"ಅದು ಅಣ್ಣನದು. ಈಗ ನನ್ನದು ಅಂತ ಬರೀಬೇಕೇನೋ."

ರಾತ್ರಿ ಕೋಡಿನ ನಡುವೆ
ನನಗೇ ಒಂದು ಟಿಪ್ಪಣಿ ಬರೆದೆ:
ಮಗು ಮಾತಾಡುತ್ತಿರುವಷ್ಟು ಹೊತ್ತು
ತಾಯಿಯನ್ನು ಎಬ್ಬಿಸಿಟ್ಟಿರು.
ಕೆಳಗೆ, ನಿಮಿಷಗಳ ಜಾಗದಲ್ಲಿ,
ಕರ್ಸರ್ ಇನ್ನೂ ಮಿಟುಕುತ್ತಿದೆ.