ಬೇರಲ್ಲ, ಕಲ್ಲಲ್ಲ

ಓಕ್ ಮರದ ಬುಡದಲ್ಲಿ ಬಿಬಾ ಮೂಗೂರಿ ನಿಂತಳೆಂದರೆ
ಗೇಣು ಕೆಳಗೆ ಟ್ರಫಲ್ ಅಣಬೆ ಇದ್ದೇ ಇರುತ್ತದೆ.
ಒಂಬತ್ತು ಚಳಿಗಾಲ ಅವಳು ಸುಳ್ಳು ಹೇಳಿಲ್ಲ.
ಉಳಿದದ್ದು ನನ್ನ ಬೆರಳಿನ ಕೆಲಸ:
ಮಣ್ಣು ಬಿಡಿಸಿ, ಗಂಟು ಮುಟ್ಟಿ,
ಬೇರೋ ಕಲ್ಲೋ ಅಣಬೆಯೋ
ಕಣ್ಮುಚ್ಚಿ ಹೇಳುತ್ತೇನೆ.
ಮೊಟೊವುನ್ ಕಾಡಿನಲ್ಲಿ ಈ ಕೈಗೆ ಹೆಸರಿದೆ.

ಇದೇ ಕೈ ದಿನಾ ಸಂಜೆ ಅವಳ ಗದ್ದದಡಿ ಕೆರೆಯುತ್ತಿತ್ತು.

ಸೆಪ್ಟೆಂಬರಿನಲ್ಲಿ ರೊಟ್ಟಿಯ ಅಂಚು ಬಿಟ್ಟಳು;
ಸೆಖೆ ಇನ್ನೂ ಇಳಿದಿಲ್ಲ ಅಂದೆ.
ಕೊರಳಪಟ್ಟಿ ಒಂದು ತೂತು ಒಳಗೆ ಸರಿಯಿತು;
ತೊಗಲು ಹಳೆಯದು, ಹಿಗ್ಗಿದೆ ಅಂದೆ.
ಮಿರ್ನಾ ಹೊಳೆಯ ಸೇತುವೆ ಮೇಲೆ ಒಮ್ಮೆ ಕೂತೇಬಿಟ್ಟಳು.
ಒಳ್ಳೆಯದೇ ಆಯಿತೆಂದು ಪಕ್ಕದಲ್ಲಿ ಕೂತು
ನಾನೊಂದು ಸಿಗರೇಟು ಹಚ್ಚಿದೆ.

ಕಂಡದ್ದು ನನಗಲ್ಲ,
ಪಕ್ಕದ ಮನೆಯ ನೆವಿಯಾಳ ಏಳು ವರ್ಷದ ಹುಡುಗನಿಗೆ:
"ಫೂಮ ಅತ್ತೆ, ಇವಳು ಬಾಯಲ್ಲಿ
ಅಕ್ರೋಟು ಬಚ್ಚಿಟ್ಟುಕೊಂಡಿದ್ದಾಳೆ ನೋಡು."

ದವಡೆಯ ಕೆಳಗೆ, ಎರಡೂ ಕಡೆ.
ಹಿಂಗಾಲ ಮೊಣಕಾಲ ಹಿಂದೆ ಇನ್ನೆರಡು.
ಒತ್ತಿದರೆ ನೋವಿಲ್ಲ, ಬಾಲ ಆಡಿಸುತ್ತಾಳೆ.
ಬೇರಲ್ಲ.
ಕಲ್ಲಲ್ಲ.

ಪಾಜಿನ್ ಊರಿನ ಡಾಕ್ಟರು ಸೂಜಿ ಚುಚ್ಚಿ ಒಂದಿಷ್ಟು ತೆಗೆದರು.
ಎಷ್ಟು ದಿನದಿಂದ, ಅಂದರು.
ಎರಡು ಗೇಣು ಮಣ್ಣಿನಡಿ ಇದ್ದದ್ದನ್ನು ಬಲ್ಲವಳು
ಒಂದೆಳೆ ರೋಮದಡಿ ಇದ್ದದ್ದಕ್ಕೆ
ಉತ್ತರ ಹೇಳಲಿಲ್ಲ.

ವರದಿ ಶುಕ್ರವಾರ.
ಅಲ್ಲಿಯವರೆಗೆ ರಾತ್ರಿ, ದೀಪ ಆರಿಸಿ,
ಕಿವಿಯ ಬುಡದಿಂದ ಬಾಲದ ತುದಿಯವರೆಗೆ
ಅವಳನ್ನು ಬೆರಳಿನಲ್ಲಿ ಓದುತ್ತೇನೆ, ನಿಧಾನ,
ತಡವಾಗಿ ಕಲಿತವಳ ಹಾಗೆ.
ಬೆರಳು ನಿಂತಲ್ಲೆಲ್ಲ ಬಿಬಾ ತಲೆಯೆತ್ತುತ್ತಾಳೆ:
ಸಿಕ್ಕಿತಲ್ಲ, ಎಲ್ಲಿ
ನನ್ನ ರೊಟ್ಟಿಚೂರು?